ವಾರಂಟಿ ಇದ್ದರೂ ಲ್ಯಾಪ್‌ಟಾಪ್ ಸರಿಯಾಗದಿದ್ದರೆ ಏನು ಮಾಡಬೇಕು?

ನಮ್ಮ ಮನೆಯ ಲ್ಯಾಪ್‌ಟಾಪ್ ಮೊದಲ ಸಲ ಸರ್ವಿಸ್ ಸೆಂಟರ್ ಮೆಟ್ಟಿಲು ಹತ್ತಿದಾಗ ಅದಕ್ಕೆ ಇನ್ನೂ ಮೂರು ತಿಂಗಳು. ಮಗಳ ಇಂಜಿನಿಯರಿಂಗ್ ಓದಿಗೆಂದು ₹58,000 ಕೊಟ್ಟು ತಂದದ್ದು. ಕೆಲಸ ಮಾಡುತ್ತಿರುವಾಗಲೇ ಸ್ಕ್ರೀನ್ ಕಪ್ಪಾಗುತ್ತಿತ್ತು. ಫ್ಯಾನ್ ಮಾತ್ರ ತಿರುಗುತ್ತಲೇ ಇರುತ್ತಿತ್ತು. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಮತ್ತೆ ಆನ್ ಮಾಡಿದರೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಏಳುತ್ತಿತ್ತು.

ಮೊದಲ ಸಲ ವಿಂಡೋಸ್ ಹೊಸದಾಗಿ ಹಾಕಿ ಕೊಟ್ಟರು. ಎರಡನೇ ಸಲ ರ‍್ಯಾಮ್ ಬದಲಾಯಿತು. ಮೂರನೇ ಸಲ ಮದರ್‌ಬೋರ್ಡ್. ನಾಲ್ಕನೇ ಸಲ ಎರಡು ದಿನ ಇಟ್ಟುಕೊಂಡು, ‘ತೊಂದರೆ ಕಂಡುಬಂದಿಲ್ಲ’ ಎಂದು ಬರೆದು ವಾಪಸ್ ಕೊಟ್ಟರು. ಆಟೋದಲ್ಲಿ ಮನೆಗೆ ತಂದು ಆನ್ ಮಾಡಿದೆವು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಸ್ಕ್ರೀನ್ ಕಪ್ಪು.

ಹೊಸದು ಕೊಡಿ ಎಂದು ಕೇಳಿದರೆ ಕಂಪನಿಯವರ ಉತ್ತರ ಹೀಗಿತ್ತು: ‘ಸರ್, ನಾಲ್ಕು ಸಲವೂ ಬೇರೆ ಬೇರೆ ಪ್ರಾಬ್ಲಂ ಬಂದಿದೆ. ಎಲ್ಲವನ್ನೂ ಸರಿ ಮಾಡಿದ್ದೇವೆ.’ ಸಿಟ್ಟು ಬಂತು. ಆದರೆ ಜಾಬ್‌ಶೀಟ್‌ಗಳನ್ನು (ಲ್ಯಾಪ್‌ಟಾಪ್ ಕೊಟ್ಟಾಗ ತೊಂದರೆ ಬರೆದು ಸಹಿ ಹಾಕಿಸಿಕೊಳ್ಳುವ ಚೀಟಿ) ಹರಡಿಕೊಂಡು ಕೂತಾಗ ಗೊತ್ತಾಯಿತು, ಕಾಗದದ ಮೇಲೆ ಅವರು ಹೇಳಿದ್ದೇ ಸರಿ! ಒಂದರಲ್ಲಿ ‘ಸಿಸ್ಟಮ್ ಹ್ಯಾಂಗ್’. ಇನ್ನೊಂದರಲ್ಲಿ ‘ಆನ್ ಆಗುತ್ತಿಲ್ಲ’. ಮತ್ತೊಂದರಲ್ಲಿ ‘ಡಿಸ್‌ಪ್ಲೇ ಸಮಸ್ಯೆ’. ಕೌಂಟರಿನಲ್ಲಿದ್ದ ಹುಡುಗ ಆ ಹೊತ್ತಿಗೆ ತೋಚಿದ್ದನ್ನು ಬರೆದಿದ್ದ. ನಾನು ಓದದೆ ಸಹಿ ಹಾಕಿದ್ದೆ. ಒಂದೇ ಕಾಯಿಲೆಗೆ ನಾಲ್ಕು ಹೆಸರು ಬಿದ್ದಿತ್ತು.

ವಾರಂಟಿ ಜಗಳದಲ್ಲಿ ಜನ ಸೋಲುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ಶುರು ಮಾಡಬೇಕಾದ್ದೂ ಇಲ್ಲಿಂದಲೇ.

ಕಾಯಿಲೆಗೆ ಒಂದೇ ಹೆಸರಿಡಿ

ತೊಂದರೆಯನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ‘ಚಾರ್ಜರ್ ಹಾಕಿದ್ದರೂ ಹಾಕದಿದ್ದರೂ, ಬಳಸುವಾಗ ಸ್ಕ್ರೀನ್ ಕಪ್ಪಾಗುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ, ಬಲವಂತವಾಗಿ ಆಫ್ ಮಾಡಬೇಕಾಗುತ್ತದೆ’ – ಈ ಥರ. ಕಾರಣ ಹೇಳಲು ಹೋಗಬೇಡಿ. ‘ಮದರ್‌ಬೋರ್ಡ್ ಹೋಗಿರಬೇಕು’ ಎಂದು ನೀವೇ ಹೇಳಿದರೆ ಅವರು ಮದರ್‌ಬೋರ್ಡ್ ನೋಡಿ ‘ಚೆನ್ನಾಗಿದೆ’ ಎಂದು ಕಳಿಸುತ್ತಾರೆ. ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳಿ. ಪ್ರತಿ ಸಲವೂ ಇದೇ ವಾಕ್ಯ, ಇವೇ ಪದಗಳು.

ತೊಂದರೆ ಬಂದಾಗಲೆಲ್ಲ ಮೊಬೈಲಿನಲ್ಲಿ ವಿಡಿಯೊ ಮಾಡಿ. ಒಂದೇ ಶಾಟ್‌ನಲ್ಲಿ ಸ್ಕ್ರೀನ್ ಜೊತೆಗೆ ತಳಭಾಗದ ಸೀರಿಯಲ್ ನಂಬರ್ ಕೂಡ ಬರಲಿ. ಇಲ್ಲದಿದ್ದರೆ ‘ಇದು ಇದೇ ಲ್ಯಾಪ್‌ಟಾಪ್ ಅಂತ ಏನು ಗ್ಯಾರಂಟಿ’ ಎನ್ನುವವರೂ ಇದ್ದಾರೆ.

ಆಗೊಮ್ಮೆ ಈಗೊಮ್ಮೆ ಬರುವ ತೊಂದರೆಗೆ ವಿಂಡೋಸ್ ಒಳಗೇ ಒಂದು ಸಾಕ್ಷಿ ಇದೆ. ಸ್ಟಾರ್ಟ್ ಮೆನುವಿನ ಹುಡುಕುವ ಜಾಗದಲ್ಲಿ ‘ರಿಲಯಬಿಲಿಟಿ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ‘ವ್ಯೂ ರಿಲಯಬಿಲಿಟಿ ಹಿಸ್ಟರಿ’ ಬರುತ್ತದೆ. ತೆರೆದರೆ ದಿನದ ಲೆಕ್ಕದಲ್ಲಿ ಒಂದು ಪಟ್ಟಿ. ವಿಂಡೋಸ್ ಸರಿಯಾಗಿ ಮುಚ್ಚದೆ ನಿಂತ ದಿನಗಳಲ್ಲಿ ಕೆಂಪು ಗುರುತು ಇರುತ್ತದೆ. ಸರ್ವಿಸ್‌ಗೆ ಕೊಡುವ ಮೊದಲು ಅದರ ಫೋಟೊ ತೆಗೆದಿಡಿ. ಅವರು ವಿಂಡೋಸ್ ಮತ್ತೆ ಹಾಕಿದರೆ ಈ ದಾಖಲೆಯೂ ಅಳಿಸಿ ಹೋಗುತ್ತದೆ. ನನ್ನದು ಹೋಯಿತು.

ಕೊಡುವ ಮೊದಲು

ಫೈಲ್‌ಗಳ ಬ್ಯಾಕಪ್ ತೆಗೆದುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ ಇನ್ನೊಂದಿದೆ. ಈಗಿನ ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರುತ್ತದೆ. ಅದರ ಕೀ ಕಾಯುವ ಚಿಪ್ ಇರುವುದು ಮದರ್‌ಬೋರ್ಡ್ ಜೊತೆ. ಬೋರ್ಡ್ ಬದಲಾದ ಕೂಡಲೇ ಲ್ಯಾಪ್‌ಟಾಪ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಡಿಸ್ಕ್‌ನಲ್ಲಿದ್ದದ್ದೆಲ್ಲ ಹೋದ ಹಾಗೆಯೇ. ಹೆಚ್ಚಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಈಗಲೇ ನೋಡಿ ಬರೆದಿಟ್ಟುಕೊಳ್ಳಿ.

ಲ್ಯಾಪ್‌ಟಾಪಿನ ಆರೂ ಮಗ್ಗುಲಿನ ಫೋಟೊ ತೆಗೆಯಿರಿ. ‘ಮೂಲೆ ಬಿರುಕು ಬಿಟ್ಟಿದೆ, ನೀರು ಬಿದ್ದಿದೆ, ವಾರಂಟಿ ಇಲ್ಲ’ ಎನ್ನುವ ಮಾತು ಆಮೇಲೆ ಬಂದರೆ ಆ ಫೋಟೊಗಳೇ ಉತ್ತರ.

ಜಾಬ್‌ಶೀಟ್ ಓದಿ ಸಹಿ ಹಾಕಿ

ಕೌಂಟರಿನಲ್ಲಿ ನಿಮ್ಮ ವಾಕ್ಯವನ್ನೇ ಬರೆಸಿ. ಕೊನೆಗೆ ಒಂದು ಸಾಲು ಸೇರಿಸಲು ಹೇಳಿ: ‘ಇದೇ ತೊಂದರೆಗೆ ಹಿಂದೆ ಇಂಥ ನಂಬರಿನ ಜಾಬ್‌ಶೀಟ್ ಆಗಿದೆ.’ ‘ಸಿಸ್ಟಮ್‌ನಲ್ಲಿ ಅಷ್ಟು ಜಾಗ ಇಲ್ಲ ಸರ್’ ಎನ್ನುತ್ತಾರೆ. ಪರವಾಗಿಲ್ಲ, ಪ್ರಿಂಟ್ ಮೇಲೆ ಪೆನ್ನಿನಲ್ಲಿ ಬರೆದು ಅವರ ಸೀಲ್ ಹಾಕಿಸಿ. ಅದಕ್ಕೂ ಒಪ್ಪದಿದ್ದರೆ ಅಲ್ಲೇ ನಿಂತು, ಅದೇ ವಾಕ್ಯವನ್ನು ಕಂಪನಿಯ ಇಮೇಲ್‌ಗೆ ಕಳಿಸಿ. ಕಳಿಸಿದ ಗಂಟೆ, ನಿಮಿಷ ಎಲ್ಲ ಅದರಲ್ಲೇ ದಾಖಲಾಗುತ್ತದೆ. ಕೌಂಟರಿನವರ ಮೇಲೆ ಕೂಗಾಡಬೇಡಿ. ಹೊಸದು ಕೊಡುವ ಅಧಿಕಾರ ಅವರ ಕೈಯಲ್ಲಿಲ್ಲ. ಆದರೆ ಜಾಬ್‌ಶೀಟ್ ಸರಿಯಾಗಿ ಬರೆಯುವ ಪೆನ್ನು ಅವರ ಕೈಯಲ್ಲೇ ಇದೆ!

ವಾಪಸ್ ತೆಗೆದುಕೊಳ್ಳುವಾಗ ಅವಸರ ಬೇಡ

ರಿಪೇರಿ ಮುಗಿದ ಮೇಲೆ ನಿಮ್ಮ ಮೊಬೈಲಿಗೆ ಒಂದು ಓಟಿಪಿ ಬರಬಹುದು. ‘ಓಟಿಪಿ ಹೇಳಿ ಸರ್, ಕಾಲ್ ಕ್ಲೋಸ್ ಮಾಡಬೇಕು’ ಎನ್ನುತ್ತಾರೆ. ಕಾಲ್ ಅಂದರೆ ಅವರ ಭಾಷೆಯಲ್ಲಿ ನಿಮ್ಮ ದೂರು. ಆ ಓಟಿಪಿ ಕೊಟ್ಟರೆ, ತೊಂದರೆ ಸರಿಯಾಗಿದೆ ಎಂದು ನೀವೇ ಒಪ್ಪಿಕೊಂಡಂತೆ ದಾಖಲಾಗುತ್ತದೆ. ಅಲ್ಲೇ ಕೂತು ಅರ್ಧ ಗಂಟೆಯಾದರೂ ಓಡಿಸಿ ನೋಡಿ, ಆಮೇಲೆ ಕೊಡಿ. ಮನೆಗೆ ಬಂದು ರಿಪೇರಿ ಮಾಡುವ ಇಂಜಿನಿಯರ್ ಆದರೂ ಅಷ್ಟೇ. ಆ ಹುಡುಗರಿಗೆ ದಿನಕ್ಕೆ ಇಷ್ಟು ಕಾಲ್ ಮುಗಿಸಬೇಕು ಎಂಬ ಒತ್ತಡ ಇರುತ್ತದೆ, ಪಾಪ. ಹಾಗಂತ ಓಟಿಪಿ ದಾನ ಮಾಡಬೇಕಾಗಿಲ್ಲ.

ಯಾವ ಭಾಗ ಬದಲಾಯಿತು, ಹೊಸದೋ ರಿಫರ್ಬಿಶ್ಡೋ (ಹಳೆಯದನ್ನು ಸರಿಪಡಿಸಿದ್ದೋ) ಎಂದು ಬರೆಸಿಕೊಳ್ಳಿ. ಎಷ್ಟೋ ಕಂಪನಿಗಳ ವಾರಂಟಿಯಲ್ಲಿ ರಿಫರ್ಬಿಶ್ಡ್ ಭಾಗ ಹಾಕಲು ಅವಕಾಶ ಇಟ್ಟುಕೊಂಡಿರುತ್ತಾರೆ. ಮದರ್‌ಬೋರ್ಡ್ ಬದಲಾಗಿದ್ದರೆ, ತಳದಲ್ಲಿರುವ ಸೀರಿಯಲ್ ನಂಬರೂ ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಏಳುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಕಾಣುವ ನಂಬರೂ ಒಂದೇನಾ ನೋಡಿ. ಹೊಸ ಬೋರ್ಡಿಗೆ ಹಳೆಯ ನಂಬರ್ ತುಂಬಿಸುವುದನ್ನು ಕೆಲವೊಮ್ಮೆ ಮರೆಯುತ್ತಾರೆ. ಮುಂದಿನ ಸಲ ಹೋದಾಗ ‘ಈ ಮೆಷಿನ್ ವಾರಂಟಿಯಲ್ಲಿ ತೋರಿಸ್ತಿಲ್ಲ’ ಎಂಬ ಹೊಸ ತಲೆನೋವು ಶುರುವಾಗುತ್ತದೆ.

‘ತೊಂದರೆ ಕಂಡುಬಂದಿಲ್ಲ’ ಎಂದು ಬರೆದಿದ್ದರೆ, ಎಷ್ಟು ಗಂಟೆ ಪರೀಕ್ಷೆ ಮಾಡಿದಿರಿ ಎಂದು ಇಮೇಲ್‌ನಲ್ಲಿ ಕೇಳಿ. ಜೊತೆಗೆ ನಿಮ್ಮ ವಿಡಿಯೊ ಇಡಿ. ಕಂಪನಿಗಳದ್ದೇ ಪರೀಕ್ಷೆ ಲ್ಯಾಪ್‌ಟಾಪ್ ಒಳಗೇ ಇರುತ್ತದೆ. ಡೆಲ್‌ನಲ್ಲಿ ಆನ್ ಆಗುವಾಗ ಎಫ್12, ಎಚ್‌ಪಿಯಲ್ಲಿ ಎಫ್2 ಒತ್ತಿದರೆ ಸಿಗುತ್ತದೆ. ಅದರಲ್ಲಿ ದೋಷದ ಕೋಡ್ ಬಂದರೆ ಫೋಟೊ ತೆಗೆದುಕೊಳ್ಳಿ. ಅವರದೇ ಯಂತ್ರ, ಅವರದೇ ಪರೀಕ್ಷೆ. ಅದನ್ನು ಅಲ್ಲಗಳೆಯುವುದು ಕಷ್ಟ.

‘ಮೂರು ಸಲ ಕೆಟ್ಟರೆ ಹೊಸದು’ ಎಂಬ ನಂಬಿಕೆ

ಮೂರು ರಿಪೇರಿ ಆದ ಮೇಲೆ ಹೊಸದು ಕೊಡಲೇಬೇಕು ಎಂದು ಎಷ್ಟೋ ಜನ ಹೇಳುವುದನ್ನು ಕೇಳಿದ್ದೇನೆ. ನಮ್ಮ ದೇಶದ ಕಾನೂನಿನಲ್ಲಿ ಹಾಗೆ ಲೆಕ್ಕ ಹಾಕಿ ಹೇಳಿಲ್ಲ. ಕಂಪನಿಯ ವಾರಂಟಿ ಪತ್ರದಲ್ಲೇ ಬರೆದಿದ್ದರೆ ಬೇರೆ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುವುದು ಇಷ್ಟು: ವಸ್ತುವಿನಲ್ಲಿ ದೋಷ ಇದ್ದರೆ ಅಥವಾ ಸೇವೆಯಲ್ಲಿ ಕೊರತೆ ಇದ್ದರೆ, ಗ್ರಾಹಕ ಆಯೋಗವು (ಗ್ರಾಹಕರ ದೂರು ಕೇಳುವ ಕೋರ್ಟ್) ದೋಷ ಸರಿಪಡಿಸಲು, ಬೇರೆ ವಸ್ತು ಕೊಡಲು, ಹಣ ವಾಪಸ್ ಮಾಡಲು, ಪರಿಹಾರ ಕೊಡಲು ಹೇಳಬಹುದು. ಒಂದೇ ದೋಷ ಮತ್ತೆ ಮತ್ತೆ ಬಂದಿದೆ ಎಂದು ತೋರಿಸುವುದು ನಿಮ್ಮ ಕೆಲಸ. ಜಾಬ್‌ಶೀಟ್ ಮೇಲೆ ನಾನು ಇಷ್ಟು ಜೀವ ಬಿಡುತ್ತಿರುವುದು ಅದಕ್ಕೇ.

ಇಲ್ಲಿವರೆಗೆ ಸರಿಯಾಗಿ ಬರೆಸಿಲ್ಲವೇ? ನಾನು ಮಾಡಿದ್ದನ್ನೇ ಮಾಡಿ. ಹಳೆಯ ಜಾಬ್‌ಶೀಟ್‌ಗಳ ತಾರೀಖು, ನಂಬರ್, ಬದಲಾದ ಭಾಗ, ಎಷ್ಟು ದಿನ ಅವರ ಬಳಿ ಇತ್ತು, ವಾಪಸ್ ಬಂದ ಎಷ್ಟು ದಿನಕ್ಕೆ ಮತ್ತೆ ಕೆಟ್ಟಿತು – ಎಲ್ಲವನ್ನೂ ಒಂದೇ ಪುಟಕ್ಕೆ ಇಳಿಸಿ. ‘ಈ ನಾಲ್ಕೂ ಸಲ ತೊಂದರೆ ಒಂದೇ’ ಎಂದು ಬರೆದು ಕಂಪನಿಗೆ ಇಮೇಲ್ ಮಾಡಿ. ವಾರಂಟಿ ಮುಗಿಯುವ ಮೊದಲೇ ಇದು ಹೋಗಬೇಕು. ‘ಪಾರ್ಟ್ ಬಂದಿಲ್ಲ, ಮುಂದಿನ ವಾರ’ ಎಂದು ತಳ್ಳುತ್ತಾ ಹೋದರೆ ವಾರಂಟಿಯ ಕೊನೆಯ ದಿನ ಸದ್ದಿಲ್ಲದೆ ದಾಟಿ ಹೋಗುತ್ತದೆ.

ಇಮೇಲ್‌ನಲ್ಲಿ ಬೇಕಾದ್ದನ್ನು ನೇರವಾಗಿ ಕೇಳಿ. ಹೊಸ ಲ್ಯಾಪ್‌ಟಾಪ್ ಅಥವಾ ಹಣ ವಾಪಸ್, 15 ದಿನದ ಗಡುವು. ‘ದಯವಿಟ್ಟು ಏನಾದರೂ ಮಾಡಿ’ ಎಂದು ಬರೆದರೆ ಅವರು ಐದನೇ ರಿಪೇರಿ ಮಾಡುತ್ತಾರೆ. ಅದೂ ‘ಏನಾದರೂ’ ತಾನೇ?

ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಆ ತಾಣದ ಕುಂದುಕೊರತೆ ಅಧಿಕಾರಿಗೂ ಪ್ರತಿ ಹೋಗಲಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

1915ಕ್ಕೆ ಕರೆ

ಕಂಪನಿ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೂ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ. ಆದೇಶ ಮಾಡುವ ಅಧಿಕಾರ ಸಹಾಯವಾಣಿಗೆ ಇಲ್ಲ. ನನ್ನ ದೂರಿಗೆ ಕಂಪನಿ ‘ರಿಪೇರಿ ಮಾಡಿ ಕೊಟ್ಟಿದ್ದೇವೆ’ ಎಂದು ಒಂದು ಸಾಲು ಬರೆದು ಕೈ ತೊಳೆದುಕೊಂಡಿತು. ಆದರೂ ದೂರಿನ ನಂಬರ್ ಕೈಯಲ್ಲಿರಲಿ. ಮುಂದೆ ಬೇಕಾಗುತ್ತದೆ.

ನೋಟಿಸ್, ಆಮೇಲೆ ಆಯೋಗ

ನೋಟಿಸ್ ಕಳಿಸಲು ವಕೀಲರೇ ಬೇಕು ಅಂತೇನಿಲ್ಲ. ಆ ಒಂದು ಪುಟದ ಪಟ್ಟಿ, ಬಿಲ್, ಜಾಬ್‌ಶೀಟ್ ಪ್ರತಿಗಳನ್ನು ಸೇರಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಮಾರಿದ ಅಂಗಡಿ, ತಯಾರಿಸಿದ ಕಂಪನಿಯ ಭಾರತದ ಕಚೇರಿ, ಸರ್ವಿಸ್ ಸೆಂಟರ್ – ಮೂವರಿಗೂ ಹೋಗಲಿ. ಒಬ್ಬರಿಗೇ ಕಳಿಸಿದರೆ ಅವರು ಇನ್ನೊಬ್ಬರ ಕಡೆ ಬೆರಳು ತೋರಿಸಿ ಸುಮ್ಮನಾಗುತ್ತಾರೆ.

ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ‘ಕೋರ್ಟು ಕಚೇರಿ ಯಾರಿಗೆ ಬೇಕಪ್ಪಾ’ ಎಂದು ಹೆದರುವವರಿಗೆ ಮೂರು ಮಾತು. ಕೊಂಡ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಎಲ್ಲಕ್ಕಿಂತ ದೊಡ್ಡ ಅನುಕೂಲ ಅಂದರೆ, ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಲ್ಯಾಪ್‌ಟಾಪ್ ಕೊಂಡ ಶಿವಮೊಗ್ಗದವರು ಶಿವಮೊಗ್ಗದಲ್ಲೇ ಕೇಸು ಹಾಕಬಹುದು. ಇದು 2019ರ ಕಾಯ್ದೆ ತಂದ ಬದಲಾವಣೆ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು.

ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. ಎದುರಿನವರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಪರೀಕ್ಷೆ ಬೇಡದ ಪ್ರಕರಣ 3 ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದದ್ದು 5 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಅಷ್ಟರಲ್ಲೇ ಮುಗಿಯುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೂರಬೇಡಿ.

ಬಿಲ್ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ಜಿಎಸ್‌ಟಿ ಉಳಿಸಲು ಸಂಸ್ಥೆಯ ಹೆಸರಿನಲ್ಲಿ ಕೊಂಡಿದ್ದರೆ ‘ಇವರು ಗ್ರಾಹಕರೇ ಅಲ್ಲ, ವ್ಯಾಪಾರಕ್ಕೆ ಕೊಂಡವರು’ ಎಂಬ ತಕರಾರು ಬರಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರನ್ನು ಕಾಯ್ದೆ ಗ್ರಾಹಕರೆಂದೇ ಒಪ್ಪುತ್ತದೆ. ಅದನ್ನು ದೂರಿನಲ್ಲಿ ಮೊದಲೇ ಬರೆಯಿರಿ.

ಒಪ್ಪಂದಕ್ಕೆ ಬಂದಾಗ

ನನ್ನದು ಆಯೋಗದವರೆಗೆ ಹೋಗಲಿಲ್ಲ. ನೋಟಿಸ್ ತಲುಪಿದ ಎರಡನೇ ವಾರ ಫೋನ್ ಬಂತು. ಮೊದಲು ‘ಒಂದು ವರ್ಷ ವಾರಂಟಿ ಜಾಸ್ತಿ ಮಾಡಿ ಕೊಡ್ತೀವಿ’ ಎಂದರು. ಕೆಟ್ಟ ಲ್ಯಾಪ್‌ಟಾಪಿಗೆ ಇನ್ನೊಂದು ವರ್ಷ ಓಡಾಡುವ ಭಾಗ್ಯ! ಬೇಡ ಎಂದೆ. ನಾಲ್ಕು ದಿನ ಬಿಟ್ಟು ಬದಲಿ ಲ್ಯಾಪ್‌ಟಾಪಿಗೆ ಒಪ್ಪಿದರು.

ಫೋನಿನ ಮಾತು ನಂಬಬೇಡಿ, ಇಮೇಲ್‌ನಲ್ಲಿ ಬರಲಿ. ಕೊಡುವುದು ಹೊಸದೇ, ಮಾಡೆಲ್ ಯಾವುದು, ವಾರಂಟಿ ಹೊಸದಾಗಿ ಶುರುವಾಗುತ್ತದೋ ಅಥವಾ ಹಳೆಯದರಲ್ಲಿ ಉಳಿದಷ್ಟೇ ದಿನವೋ – ಮೂರನ್ನೂ ಬರೆಸಿಕೊಳ್ಳಿ. ‘ನನ್ನ ಎಲ್ಲ ದೂರು ಬಗೆಹರಿದಿದೆ’ ಎಂಬ ಪತ್ರಕ್ಕೆ, ಬದಲಿ ಕೈಗೆ ಬಂದು ಓಡಿಸಿ ನೋಡಿದ ಮೇಲೆ ಸಹಿ. ಹಳೆಯದನ್ನು ಕೊಡುವ ಮೊದಲು ಖಾತೆಗಳಿಂದ ಸೈನ್ ಔಟ್ ಆಗಿ, ಡಿಸ್ಕ್ ಅಳಿಸಿ.

ಚಾರ್ಜರ್ ಮತ್ತು ಡಬ್ಬವನ್ನೂ ಕೇಳಬಹುದು. ನಮ್ಮನ್ನು ಕೇಳಿದರು. ಡಬ್ಬ ಅಟ್ಟದ ಮೇಲಿತ್ತು. ಅದರೊಳಗೆ ನನ್ನ ಹೆಂಡತಿ ದಸರಾ ಗೊಂಬೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಜೋಡಿಸಿದ್ದಳು. ‘ಒಂದು ಗೊಂಬೆಯ ಮೂಗು ಮುರಿದರೂ ನಿನ್ನ ಕಂಪನಿಯೇ ತಂದುಕೊಡಬೇಕು’ ಎಂದಳು. ಅದನ್ನು ಮಾತ್ರ ನಾನು ಇಮೇಲ್‌ನಲ್ಲಿ ಹಾಕಲಿಲ್ಲ.