ನಿಮ್ಮ ವಿಧಾನಸಭಾ ಕ್ಷೇತ್ರದ ಚರಿತ್ರೆ ಬರೆಯುವುದು ಹೇಗೆ

ಕ್ಷೇತ್ರದ ಚರಿತ್ರೆ ಬರೆಯಲು ಕೂತವರು ಮೊದಲು ಗೆದ್ದವರ ಪಟ್ಟಿ ಹುಡುಕುತ್ತಾರೆ, ಅಲ್ಲೇ ಎಡವುತ್ತಾರೆ. ಹೆಸರು ಅದೇ ಇದ್ದರೂ ಒಳಗಿನ ಊರುಗಳು ಬದಲಾಗಿರುತ್ತವೆ, ಇಲ್ಲವೇ ಊರುಗಳು ಅವೇ ಇದ್ದು ಹೆಸರೇ ಅಳಿಸಿಹೋಗಿರುತ್ತದೆ. ಆದ್ದರಿಂದ ಗಡಿಯಿಂದ ಶುರು ಮಾಡಿ. ಶಾಸಕರ ಸರದಿ ಆಮೇಲೆ.

ದೊಡ್ಡ ಹಾಳೆಯೊಂದರ ಎಡಕ್ಕೆ ಸಾರ್ವತ್ರಿಕ ಚುನಾವಣೆಗಳ ವರ್ಷಗಳನ್ನು ಬರೆದುಕೊಳ್ಳಿ: 1952, 1957, 1962, 1967, 1972, 1978, 1983, 1985, 1989, 1994, 1999, 2004, 2008, 2013, 2018, 2023. ಒಟ್ಟು 16. ಈಗ 1957, 1962, 1967, 1978, 2008ರ ಮೇಲೆ ಒಂದೊಂದು ದಪ್ಪ ಗೆರೆ ಎಳೆಯಿರಿ. 1952ರಲ್ಲಿ ಮೈಸೂರು ವಿಧಾನಸಭೆಗೆ 99 ಸ್ಥಾನಗಳಿದ್ದವು. ಏಕೀಕರಣದ ನಂತರ 1957ರಲ್ಲಿ 208, 1967ರಲ್ಲಿ 216, 1978ರಲ್ಲಿ 224 ಆದವು. 2008ರಲ್ಲಿ ಸ್ಥಾನಗಳ ಸಂಖ್ಯೆ ಬದಲಾಗದಿದ್ದರೂ 2001ರ ಜನಗಣತಿಯ ಮೇಲೆ ಗಡಿಗಳನ್ನೆಲ್ಲ ಹೊಸದಾಗಿ ಎಳೆಯಲಾಯಿತು. ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರಗಳು 33ರಿಂದ 36ಕ್ಕೆ, ಪರಿಶಿಷ್ಟ ಪಂಗಡದವು 2ರಿಂದ 15ಕ್ಕೆ ಏರಿದವು. ದಪ್ಪ ಗೆರೆ ದಾಟಿದಾಗಲೆಲ್ಲ ‘ಇದು ಅದೇ ಕ್ಷೇತ್ರವೇ?’ ಎಂದು ಕೇಳಿಕೊಳ್ಳಬೇಕು.

ಉತ್ತರಕ್ಕೆ ಮೂರು ಊರು ಹಿಡಿಯಿರಿ: ಒಂದು ತಾಲ್ಲೂಕು ಕೇಂದ್ರ, ಎರಡು ಅಂಚಿನ ಹಳ್ಳಿ. ಪ್ರತಿ ಮರುವಿಂಗಡಣೆ ಆದೇಶದಲ್ಲೂ ಆ ಮೂರು ಯಾವ ಕ್ಷೇತ್ರಕ್ಕೆ ಬಿದ್ದಿವೆ ನೋಡಿ. ಸಾತನೂರಿನಿಂದ 1989, 1994, 1999, 2004ರಲ್ಲಿ ಡಿ.ಕೆ. ಶಿವಕುಮಾರ್ ಗೆದ್ದರು. 2008ಕ್ಕೆ ಆ ಕ್ಷೇತ್ರವೇ ಇರಲಿಲ್ಲ, ಅವರು ಕನಕಪುರದಲ್ಲಿ ನಿಂತರು. ಶಾಸಕರು ಅತ್ತ ಹೋದರೆಂದು ಸಾತನೂರಿನ ಚರಿತ್ರೆಯನ್ನೆಲ್ಲ ಕನಕಪುರದ ಖಾತೆಗೆ ಬರೆಯುವಂತಿಲ್ಲ, ಏಕೆಂದರೆ ಕನಕಪುರ ಅದಕ್ಕೂ ಮುಂಚೆ ಬೇರೆಯೇ ಕ್ಷೇತ್ರವಾಗಿತ್ತು. ಸಂತೇಮರಹಳ್ಳಿಯೂ ಹಾಗೆಯೇ ಅಳಿದ ಹೆಸರು. 2004ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರೆ ಎ.ಆರ್. ಕೃಷ್ಣಮೂರ್ತಿ 40,751 ಪಡೆದರು. ಅಂತರ ಒಂದೇ ಒಂದು ಮತ. ಅಂಕಿಗಳನ್ನು ‘ಸುಮಾರು’ ಎಂದು ಬರೆಯಬಾರದು ಎನ್ನುವುದು ಇದಕ್ಕೇ.

1952ರ ಸಾಲು ಎಲ್ಲರಿಗೂ ಚುನಾವಣಾ ಆಯೋಗದ ಮೈಸೂರಿನ ವರದಿಯಲ್ಲಿ ಸಿಗದು. ಧಾರವಾಡ, ಬೆಳಗಾವಿ, ವಿಜಯಪುರದವರು ಮುಂಬಯಿ ರಾಜ್ಯದ ವರದಿ ತೆರೆಯಬೇಕು. ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದಿನದು, ಮಂಗಳೂರು, ಬಳ್ಳಾರಿ, ಕೊಳ್ಳೇಗಾಲದವರಿಗೆ ಮದ್ರಾಸಿನದು. ಕೊಡಗಿಗೆ ಆಗ 24 ಸದಸ್ಯರ ತನ್ನದೇ ವಿಧಾನಸಭೆ ಇತ್ತು.

1952 ಮತ್ತು 1957ರ ದ್ವಿಸದಸ್ಯ ಕ್ಷೇತ್ರಗಳಲ್ಲಿ, ಅಂದರೆ ಇಬ್ಬರು ಶಾಸಕರನ್ನು ಆರಿಸುತ್ತಿದ್ದ ಕ್ಷೇತ್ರಗಳಲ್ಲಿ, ತಪ್ಪು ಹೆಚ್ಚು. ಅಲ್ಲಿ ಪ್ರತಿ ಮತದಾರರಿಗೂ ಎರಡು ಮತ. ಹಾಗಾಗಿ ಚಲಾವಣೆಯಾದ ಮತ ಮತದಾರರ ಸಂಖ್ಯೆಗಿಂತ ಹೆಚ್ಚಿದ್ದರೆ ಗಾಬರಿಯಾಗಬೇಡಿ, ಅದನ್ನಿಟ್ಟುಕೊಂಡು ಶೇಕಡಾವಾರು ಮತದಾನ ಲೆಕ್ಕ ಹಾಕಲೂ ಹೋಗಬೇಡಿ. ಹೆಚ್ಚು ಮತ ಪಡೆದ ಮೊದಲ ಇಬ್ಬರೇ ಗೆದ್ದಿರುತ್ತಾರೆ ಎಂಬ ಖಾತ್ರಿಯೂ ಇಲ್ಲ. ಮೀಸಲು ವರ್ಗದ ಅಭ್ಯರ್ಥಿಗಳಲ್ಲಿ ಮುಂದಿದ್ದವರಿಗೆ ಮೀಸಲು ಸ್ಥಾನ, ಉಳಿದವರಲ್ಲಿ ಮುಂದಿದ್ದವರಿಗೆ ಇನ್ನೊಂದು. ಈ ಪದ್ಧತಿ 1961ರ ಕಾಯ್ದೆಯಿಂದ ಕೊನೆಗೊಂಡಿತು, 1962ರ ಮೇಲಿನ ದಪ್ಪ ಗೆರೆ ಇದಕ್ಕೇ.

ಪಕ್ಷಗಳ ಸಂಕ್ಷಿಪ್ತ ಹೆಸರುಗಳಲ್ಲಿ ಒಂದನ್ನಂತೂ ನೆನಪಿಡಿ. 1978ರ ಕೋಷ್ಟಕದಲ್ಲಿ ‘ಐಎನ್‌ಸಿ’ ಎಂದರೆ ಇಂದಿರಾ ಕಾಂಗ್ರೆಸ್ ಅಲ್ಲ. ಇಂದಿರಾ ಕಾಂಗ್ರೆಸ್ ಅಲ್ಲಿ ‘ಐಎನ್‌ಸಿ(ಐ)’ ಎಂದಿರುತ್ತದೆ, 149 ಸ್ಥಾನ ಗೆದ್ದದ್ದು ಅದೇ.

ಈಗ ಉಪಚುನಾವಣೆ. ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಇವು ಇರುವುದಿಲ್ಲ, ಆದ್ದರಿಂದ ಪಟ್ಟಿಗಳಲ್ಲಿ ಮೊದಲು ಬಿಟ್ಟುಹೋಗುವುದೂ ಇವೇ. ಚಾಮುಂಡೇಶ್ವರಿಯನ್ನೇ ನೋಡಿ: 2004ರಲ್ಲಿ ಸಿದ್ದರಾಮಯ್ಯ ಜೆಡಿಎಸ್‌ನಿಂದ ಗೆದ್ದರು, ಕಾಂಗ್ರೆಸ್ ಸೇರಿ ರಾಜೀನಾಮೆ ಕೊಟ್ಟರು, 2006ರ ಡಿಸೆಂಬರಿನ ಉಪಚುನಾವಣೆಯಲ್ಲಿ ಕೇವಲ 257 ಮತಗಳಿಂದ ಮತ್ತೆ ಗೆದ್ದರು. ಬರೀ 2004 ಮತ್ತು 2008ರ ಸಾಲು ನೋಡಿದವರಿಗೆ ಆ ಕ್ಷೇತ್ರದ ಅತ್ಯಂತ ಬಿರುಸಿನ ಹಣಾಹಣಿ ಕಣ್ಣಿಗೇ ಬೀಳದು. ರಾಜೀನಾಮೆ, ನಿಧನ, ಅನರ್ಹತೆ, ಲೋಕಸಭೆಗೆ ಆಯ್ಕೆ, ಎರಡು ಕಡೆ ಗೆದ್ದು ಒಂದನ್ನು ಬಿಡುವುದು, ಹೈಕೋರ್ಟ್ ಆಯ್ಕೆಯನ್ನು ಅಸಿಂಧುಗೊಳಿಸುವುದು – ಈ ಆರನ್ನೂ ಪ್ರತಿ ಅವಧಿಗೆ ಹಿಡಿದು ನೋಡಿ. 2018ರ ಅವಧಿಗೆ ವಿಶೇಷ ಎಚ್ಚರ ಬೇಕು: 2019ರ ಡಿಸೆಂಬರ್ 5ರಂದು ಒಂದೇ ದಿನ 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ರಾಜರಾಜೇಶ್ವರಿ ನಗರದ್ದು 2020ರಲ್ಲಿ, ಮಸ್ಕಿಯದು 2021ರಲ್ಲಿ ಆಯಿತು.

ಹೆಸರುಗಳನ್ನು ವಿಧಾನಸಭೆಯ ಸದಸ್ಯರ ಪಟ್ಟಿಯೊಂದಿಗೆ ತಾಳೆ ನೋಡಿ. ಆಯೋಗದ ಹಳೆಯ ವರದಿಗಳು ಇಂಗ್ಲಿಷಿನಲ್ಲಿವೆ. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ ಬಂದು ಒಬ್ಬರೇ ಇಬ್ಬರಾಗಿಬಿಡುತ್ತಾರೆ. ಅಪ್ಪ, ಮಗನ ಹೆಸರು ಹತ್ತಿರವಿದ್ದರೆ ಇಬ್ಬರೂ ಒಬ್ಬರಾಗುತ್ತಾರೆ.

ಇತ್ತೀಚಿನ ಚುನಾವಣೆಗಳಿಗೆ ಮತಗಟ್ಟೆವಾರು ಲೆಕ್ಕ ನಮೂನೆ 20ರಲ್ಲಿದೆ. ಮತಗಟ್ಟೆಗಳ ಮೊತ್ತಕ್ಕೆ ಅಂಚೆ ಮತ ಕೂಡಿಸಿದ ಮೇಲೆಯೇ ಒಟ್ಟು ಹೊಂದುತ್ತದೆ. 2018ರಿಂದ ನೋಟಾಕ್ಕೂ ಒಂದು ಅಂಕಣ ಬೇಕು. 2013ರ ಮೇ ಚುನಾವಣೆಯಲ್ಲಿ ಅದಿರಲಿಲ್ಲ, ಹಾಗಾಗಿ ಆ ಮನೆಯಲ್ಲಿ ಸೊನ್ನೆ ಬರೆಯಬೇಡಿ, ಖಾಲಿ ಬಿಡಿ.