ಮೂಗಿನ ಡ್ರಾಪ್ಸ್: ಹಾಕುವುದು ಹೇಗೆ, ಬಿಡುವುದು ಹೇಗೆ

ನೆಗಡಿಯಲ್ಲಿ ಮೂಗು ಕಟ್ಟುವುದು ಬರೀ ಸಿಂಬಳದಿಂದಲ್ಲ. ಒಳಪೊರೆಯ ರಕ್ತನಾಳಗಳು ಉಬ್ಬಿ ಗಾಳಿಗೆ ದಾರಿ ಇಲ್ಲದಂತಾಗುತ್ತದೆ. ಆ ನಾಳಗಳ ಗೋಡೆಯಲ್ಲಿ ಆಲ್ಫಾ ಅಡ್ರಿನರ್ಜಿಕ್ ಗ್ರಾಹಕಗಳಿವೆ, ಅಂದರೆ ಬಿಗಿಯುವ ಸಂಕೇತ ಹಿಡಿಯುವ ತಾಣಗಳು. ಝೈಲೋಮೆಟಾಝೋಲಿನ್, ಆಕ್ಸಿಮೆಟಾಝೋಲಿನ್ ಹನಿಗಳು ಅವನ್ನು ಪ್ರಚೋದಿಸಿದಾಗ ನಾಳ ಬಿಗಿಯುತ್ತದೆ, ಕೆಲವೇ ನಿಮಿಷಗಳಲ್ಲಿ ಉಸಿರು ಸರಾಗವಾಗುತ್ತದೆ.

ಮೊದಲು ಮೂಗು ಸೀಟಿ. ಹೆಗಲ ಕೆಳಗೆ ದಿಂಬಿಟ್ಟು, ತಲೆ ಹಿಂದಕ್ಕೆ ಬಾಗುವಂತೆ ಮಲಗಿ. ದೊಡ್ಡವರಿಗೆ 0.1% ಝೈಲೋಮೆಟಾಝೋಲಿನ್ ಆದರೆ ಪ್ರತಿ ಹೊಳ್ಳೆಗೆ 2–3 ಹನಿ, ದಿನಕ್ಕೆ ಹೆಚ್ಚೆಂದರೆ 3 ಸಲ. ಡ್ರಾಪರ್ ಮೂಗಿಗೆ ತಾಗಬಾರದು. ಒಂದೆರಡು ನಿಮಿಷ ಹಾಗೇ ಇರಿ. ಗಂಟಲಲ್ಲಿ ಕಹಿ ಎನಿಸಿದರೆ ಔಷಧಿ ಮೂಗಲ್ಲಿ ನಿಲ್ಲದೆ ಒಳಗಿಳಿದಿದೆ ಎಂದರ್ಥ. ಹನಿ ಹೆಚ್ಚಾಗಿರಬಹುದು, ತಲೆ ಸಾಕಷ್ಟು ಬಾಗಿರಲಿಕ್ಕಿಲ್ಲ. ಮಕ್ಕಳಿಗೆ 0.05% ಬೇರೆ ಸಿಗುತ್ತದೆ. 6 ವರ್ಷದೊಳಗಿನವರಿಗೆ ವೈದ್ಯರು ಹೇಳದೆ ಬೇಡ.

ಒಂದು ವಾರ ಮೀರಿದರೆ ಆಟ ತಿರುಗುತ್ತದೆ. ಗ್ರಾಹಕಗಳು ಮಂದವಾಗುತ್ತವೆ, ರಾತ್ರಿಯಿಡೀ ಬರುತ್ತಿದ್ದ ಹನಿ ಮೂರೇ ತಾಸಿನಲ್ಲಿ ಸೋಲುತ್ತದೆ, ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ. ನೆಗಡಿ ಎಂದೋ ಹೋಗಿರುತ್ತದೆ, ಬಾಟಲಿ ಮಾತ್ರ ದಿಂಬಿನಡಿ ಉಳಿದಿರುತ್ತದೆ. ಬಿಡಲು ಒಂದು ಉಪಾಯ: ಮೊದಲು ಒಂದೇ ಹೊಳ್ಳೆಗೆ ನಿಲ್ಲಿಸಿ, ಇನ್ನೊಂದಕ್ಕೆ ರಾತ್ರಿ ಮಾತ್ರ ಹಾಕಿ. ನಿಲ್ಲಿಸಿದ ಕಡೆ ಸಲೈನ್ (ಉಪ್ಪುನೀರಿನ) ಹನಿ ಸಾಕು. ಅದು ತಾನಾಗಿ ತೆರೆದುಕೊಂಡ ಮೇಲೆ ಎರಡನೆಯದನ್ನೂ ಬಿಡಿ. ಮೊದಲ ಕೆಲವು ರಾತ್ರಿ ಕಷ್ಟವೇ. ವೈದ್ಯರು ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟರೆ ದಿನವೂ ತಪ್ಪದೆ ಹಾಕಿ. ಅದರ ಪೂರ್ತಿ ಗುಣ ಕಾಣಲು ದಿನಗಳೇ ಬೇಕು.

ಮೂಗು ಉರಿಯುವುದು, ಒಣಗುವುದು ಸಾಮಾನ್ಯ. ಸ್ವಲ್ಪ ಔಷಧಿ ರಕ್ತಕ್ಕೂ ಸೇರುವುದರಿಂದ ಎದೆ ಬಡಿತ, ತಲೆನೋವು, ನಿದ್ದೆಗೇಡು ಬರಬಹುದು. ಬಿಪಿ, ಹೃದ್ರೋಗ, ಥೈರಾಯ್ಡ್ ಹೆಚ್ಚಳ, ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ರೋಗ) ಇದ್ದವರು ವೈದ್ಯರನ್ನು ಕೇಳಿಯೇ ಹಾಕಿಕೊಳ್ಳಿ. ಖಿನ್ನತೆಗೆ ಎಂಎಒ ಇನ್ಹಿಬಿಟರ್ (ಎಂಎಒ ಎಂಬ ಕಿಣ್ವವನ್ನು ತಡೆಯುವ) ಗುಳಿಗೆ ನುಂಗುವವರಿಗೆ ಇದು ಬೇಡವೇ ಬೇಡ.

ಮಾತ್ರೆಯಲ್ಲಿ ಬರುವ ಫಿನೈಲ್‌ಎಫ್ರಿನ್ ಕೂಡ ಇದೇ ರೀತಿ ನಾಳ ಬಿಗಿಸುವ ಔಷಧಿ. ಬಾಯಲ್ಲಿ ನುಂಗಿದರೆ ಮೂಗು ಬಿಡಿಸುವುದಿಲ್ಲವೆಂದು 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿಯೇ ಹೇಳಿತು.

ಬಾಟಲಿ ಮಕ್ಕಳ ಕೈಗೆ ಸಿಗದಿರಲಿ. 1–2 ಮಿಲಿಲೀಟರ್ ಕುಡಿದರೂ ಔಷಧಿ ಮಿದುಳಿಗೆ ಹೋಗಿ ಮಗು ಮಂಪರಾಗಬಹುದು, ನಾಡಿ, ಉಸಿರು ನಿಧಾನವಾಗಬಹುದು. ವಾಂತಿ ಮಾಡಿಸಲು ಹೋಗದೆ, ಬಾಟಲಿ ಹಿಡಿದು ನೇರ ಆಸ್ಪತ್ರೆಗೆ ಹೊರಡಿ.