ಮ್ಯಾಗ್ನೆಟೈಟ್ ನ್ಯಾನೊಕಣಕ್ಕೆ ಸಿಲಿಕಾ ಹೊದಿಕೆ, ಮೇಲೆ ಚಿನ್ನ: ನನ್ನ ಅನುಭವ

ಬೊರೊಹೈಡ್ರೈಡ್ 4-ನೈಟ್ರೊಫಿನಾಲನ್ನು ಅಮಿನೊಫಿನಾಲ್ ಆಗಿಸುವ ಕ್ರಿಯೆಗೆ ಚಿನ್ನ ವೇಗವರ್ಧಕ. ಅದನ್ನು ಅಯಸ್ಕಾಂತದಿಂದ ಮರಳಿ ಹಿಡಿಯಲು ಒಳಗೆ ಮ್ಯಾಗ್ನೆಟೈಟ್ (ಅಯಸ್ಕಾಂತ ಸೆಳೆಯುವ ಕಬ್ಬಿಣದ ಆಕ್ಸೈಡ್), ನಡುವೆ ಸಿಲಿಕಾ ಹೊದಿಕೆ. ಈ ಹೊದಿಕೆ ಕೆಡುವುದು ಹೆಚ್ಚಾಗಿ ಟಿಯೋಸ್ (ಟೆಟ್ರಾಈಥೈಲ್ ಆರ್ಥೊಸಿಲಿಕೇಟ್, ಸಿಲಿಕಾ ಕೊಡುವ ದ್ರವ) ಹಾಕುವಾಗ ಅಲ್ಲ, ಅದಕ್ಕೂ ಮೊದಲೇ. ಕಣಗಳು ಗಂಟುಕಟ್ಟಿದ್ದರೆ ಸಿಲಿಕಾ ಆ ಗಂಟಿನ ಸುತ್ತಲೇ ಕೂರುತ್ತದೆ. ಆಮೇಲೆ ಎಷ್ಟು ಸೋನಿಕೇಟ್ ಮಾಡಿದರೂ (ಶ್ರವಣಾತೀತ ತರಂಗದಿಂದ ಅಲುಗಿಸಿದರೂ) ಬಿಡದು.

ಕಾಸರಗೋಡಿನ ಆಟಿ ಮಳೆಗೆ ಫೆರಿಕ್ ಕ್ಲೋರೈಡ್ ಬಾಟಲಿಯೊಳಗೇ ನೀರಾಗುತ್ತದೆ. ಒದ್ದೆಯಾದದ್ದನ್ನು ತೂಗಿದರೆ ಕಬ್ಬಿಣ ಕಡಿಮೆ ಬಿದ್ದು ಫೆರಿಕ್-ಫೆರಸ್ 2:1 ಅನುಪಾತ ತಪ್ಪುತ್ತದೆ. ಹಾಗಾಗಿ ಡೆಸಿಕೇಟರಿನಿಂದ (ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆ) ತೆಗೆದ ಕೂಡಲೇ ತೂಕ: ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 5.4 ಗ್ರಾಂ, ಫೆರಸ್ ಕ್ಲೋರೈಡ್ ಟೆಟ್ರಾಹೈಡ್ರೇಟ್ 2 ಗ್ರಾಂ. ಮುರಕಲ್ಲಿನ ಬಾವಿಯ ನೀರು ಎಷ್ಟು ತಿಳಿಯಾಗಿ ಕಂಡರೂ ಬೇಡ, ಡಿಸ್ಟಿಲ್ಡ್ ನೀರೇ ಆಗಬೇಕು. 100 ಮಿ.ಲೀ. ನೀರಿಗೆ ಅರ್ಧ ಗಂಟೆ ನೈಟ್ರೊಜನ್ ಹಾಯಿಸಿ, ಲವಣ ಕರಗಿಸಿ, 80 ಡಿಗ್ರಿಯಲ್ಲಿ ಶೇ. 25ರ ಅಮೋನಿಯಾ 12 ಮಿ.ಲೀ. ಹನಿಸುತ್ತೇನೆ. ಬಣ್ಣ ಕಪ್ಪಾಗಬೇಕು, ಕಂದು ಬಂದರೆ ಗಾಳಿ ಹೊಕ್ಕಿದೆ. ಮ್ಯಾಗ್ನೆಟಿಕ್ ಸ್ಟಿರರ್ ಇಲ್ಲಿ ಕೆಲಸಕ್ಕೆ ಬಾರದು, ಕಣಗಳೆಲ್ಲ ಬಾರ್‌ಗೇ ಅಂಟಿಕೊಳ್ಳುತ್ತವೆ. ಮೇಲಿನಿಂದ ತಿರುಗುವ ಮೋಟಾರು ಕಲಕುಗೋಲು ಬೇಕು.

ಅರ್ಧ ಗಂಟೆಯ ಬಳಿಕ 2 ಗ್ರಾಂ ಸಿಟ್ರಿಕ್ ಆಮ್ಲವನ್ನು ಸ್ವಲ್ಪ ನೀರಲ್ಲಿ ಕರಗಿಸಿ ಹಾಕಿ, 90 ಡಿಗ್ರಿಯಲ್ಲಿ ಒಂದು ಗಂಟೆ ಇಡುತ್ತೇನೆ. ಸಿಟ್ರೇಟ್ ಕೊಡುವ ಋಣ ಆವೇಶವೇ ಕಣಗಳನ್ನು ಬಿಡಿಬಿಡಿಯಾಗಿ ಇಡುವುದು. ತೊಳೆಯುತ್ತ ಹೋದಂತೆ ಅವು ಅಯಸ್ಕಾಂತಕ್ಕೆ ಸುಲಭವಾಗಿ ಬರುವುದಿಲ್ಲ. ಅದು ಒಳ್ಳೆಯ ಲಕ್ಷಣ. ಅಸಿಟೋನ್ ಸೇರಿಸಿದರೆ ಕೂಡಿಬರುತ್ತವೆ.

100 ಮಿ.ಗ್ರಾಂ ಕಣವನ್ನು 20 ಮಿ.ಲೀ. ನೀರಲ್ಲಿ ಸೋನಿಕೇಟ್ ಮಾಡಿ, 80 ಮಿ.ಲೀ. ಎಥನಾಲ್, 2 ಮಿ.ಲೀ. ಅಮೋನಿಯಾ ಸೇರಿಸುತ್ತೇನೆ. 0.2 ಮಿ.ಲೀ. ಟಿಯೋಸನ್ನು 5 ಮಿ.ಲೀ. ಎಥನಾಲಿನಲ್ಲಿ ಬೆರೆಸಿ ನಿಧಾನವಾಗಿ ಹನಿಸಿ, ಆರೆಂಟು ಗಂಟೆ ಕಲಕಬೇಕು. ಅಯಸ್ಕಾಂತ ಹಿಡಿದ ಮೇಲೂ ಮೇಲಿನ ದ್ರವ ಹಾಲಿನಂತೆ ಬೆಳ್ಳಗಿದ್ದರೆ ಬರೀ ಸಿಲಿಕಾ ಉಂಡೆಗಳಾಗಿವೆ: ಟಿಯೋಸ್ ಹೆಚ್ಚಾಯಿತು, ಇಲ್ಲವೇ ಬೇಗ ಬಿತ್ತು. ಹೊದಿಕೆ ದಪ್ಪ ಮಾಡಿದಷ್ಟೂ ಅಯಸ್ಕಾಂತದ ಸೆಳೆತಕ್ಕೆ ಕಣ ತಡವಾಗಿ ಸ್ಪಂದಿಸುತ್ತದೆ.

ಪರೀಕ್ಷೆ ಸರಳ. ಚಿಟಿಕೆಯಷ್ಟನ್ನು 1 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅರ್ಧ ಗಂಟೆ ಇಟ್ಟು, ಕಣ ಬೇರ್ಪಡಿಸಿ, ತಿಳಿಗೆ ಥಯೊಸಯನೇಟ್ ಹನಿ ಹಾಕುತ್ತೇನೆ. ರಕ್ತಗೆಂಪು ಏರಿದರೆ ಕಬ್ಬಿಣ ಕರಗಿ ಹೊರಬಂದಿದೆ, ಅಂದರೆ ಹೊದಿಕೆ ತೂತಾಗಿದೆ. ಐಆರ್ (ಅವಕೆಂಪು ಬೆಳಕಿನ) ರೇಖೆಯಲ್ಲಿ 580 ಸೆಂ.ಮೀ.⁻¹ ಬಳಿಯ ಕಬ್ಬಿಣ-ಆಕ್ಸಿಜನ್ ಪಟ್ಟಿ, 1090ರ ಸಿಲಿಕಾ ಪಟ್ಟಿ ಎರಡೂ ಇದ್ದ ಮಾತ್ರಕ್ಕೆ ಹೊದಿಕೆ ಪೂರ್ಣ ಎನ್ನಲಾಗದು.

ಎಪ್ಟೆಸ್‌ನಿಂದ (ಅಮೈನ್ ಗುಂಪುಳ್ಳ ಸಿಲೇನ್) ಅಮೈನ್ ಕೂರಿಸಿ ತೊಳೆದ ಮೇಲೆ, ಅಮೈನ್ ಪತ್ತೆಹಚ್ಚುವ ನಿನ್‌ಹೈಡ್ರಿನ್ ಹಾಕಿ ನೇರಳೆ ಬಂದರೆ ಸಿಟ್ರೇಟ್ ಹೊದ್ದ ಚಿನ್ನದ ನ್ಯಾನೊಕಣಗಳ ಕೆಂಪು ದ್ರಾವಣ ಸುರಿಯಬಹುದು. ಕೆಂಪು ಮಾಯವಾಗಿ ಮೇಲಿನ ನೀರು ತಿಳಿಯಾದರೆ ಚಿನ್ನ ಕಣಕ್ಕೆ ಹತ್ತಿದೆ. ಬೆಳ್ಳಿ ಅಗ್ಗವಾದರೂ ಅದರ ಪ್ಲಾಸ್ಮಾನ್ ಶಿಖರ (ಅದರ ಕಣ ಅತಿ ಹೆಚ್ಚು ಬೆಳಕು ಹೀರುವ ತರಂಗಾಂತರ) 400 ನ್ಯಾನೊಮೀಟರ್ ಆಸುಪಾಸು. ನಾವು ನೋಡುವ ನೈಟ್ರೊಫಿನೊಲೇಟ್ (ಕ್ಷಾರದಲ್ಲಿ ನೈಟ್ರೊಫಿನಾಲಿನ ರೂಪ) ಕೂಡ ಬೆಳಕು ಹೀರುವುದು ಅಲ್ಲೇ, ಲೆಕ್ಕ ಹಾಳು.

4-ನೈಟ್ರೊಫಿನಾಲ್ 0.1 ಮಿಲಿಮೋಲಾರ್, ಆಗಲೇ ಕರಗಿಸಿದ ಬೊರೊಹೈಡ್ರೈಡ್ 10 ಮಿಲಿಮೋಲಾರ್. ಬೆಳಕಿನ ಹೀರಿಕೆ 400 ನ್ಯಾನೊಮೀಟರಿನಲ್ಲಿ (ನೈಟ್ರೊಫಿನೊಲೇಟ್) ಇಳಿದಂತೆ 300ರಲ್ಲಿ (ಅಮಿನೊಫಿನಾಲ್) ಏರಬೇಕು. ಏರದಿದ್ದರೆ ನೈಟ್ರೊಫಿನಾಲ್ ಬರೀ ಕಣಕ್ಕೆ ಅಂಟಿದೆ, ಬದಲಾಗಿಲ್ಲ. ಚಿನ್ನವಿಲ್ಲದ ಕಣದ ಹೋಲಿಕೆಯೂ ಕಡ್ಡಾಯ. ಮ್ಯಾಗ್ನೆಟೈಟ್ ತಾನೇ ಬೆಳಕು ನುಂಗುವುದರಿಂದ ಪ್ರತಿ ಅಳತೆಗೂ ಮೊದಲು ಅಯಸ್ಕಾಂತ ಹಿಡಿಯಬೇಕು, ಕ್ಯುವೆಟ್ (ಅಳತೆಯ ಪುಟ್ಟ ಪಾರದರ್ಶಕ ಪಾತ್ರೆ) ಗೋಡೆಯ ಹೈಡ್ರೊಜನ್ ಗುಳ್ಳೆ ತಟ್ಟಿ ಬಿಡಿಸಬೇಕು. ಬೊರೊಹೈಡ್ರೈಡ್ ದ್ರಾವಣ ಕ್ಷಾರೀಯ, ಸಿಲಿಕಾವನ್ನು ನಿಧಾನಕ್ಕೆ ಸವೆಸುತ್ತದೆ. ಅದಕ್ಕೇ ಕೆಲವು ಸುತ್ತುಗಳ ಬಳಿಕ ಥಯೊಸಯನೇಟ್ ಪರೀಕ್ಷೆ ಇನ್ನೊಮ್ಮೆ.